576 ಅಡಿ ಹೊಲಿಗೆ

2021ರ ಜೂನ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಮನೆಯವರು ಹಾಸಿಗೆಯಿಂದ ಏಳಲು ಹೋಗಿ ಬಲಕ್ಕೆ ವಾಲಿ ಹಾಗೆಯೇ ಕುಳಿತುಬಿಟ್ಟರು. ಬಾಯಿ ಓರೆಯಾಗಿತ್ತು. ನನ್ನನ್ನು ನೋಡಿ ಏನನ್ನೋ ಹೇಳಿದರು. ದನಿ ಅವರದೇ ಆಗಿತ್ತು, ಏರಿಳಿತವೂ ಅವರದೇ ಆಗಿತ್ತು, ಆದರೆ ಅದರೊಳಗೆ ಒಂದು ಶಬ್ದವೂ ಇರಲಿಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮನುಷ್ಯ, ಧಾರವಾಡದ ಯಾವ ಓಣಿಗೆ ಹೋದರೂ ‘ನಮಸ್ಕಾರ ಸರ್’ ಎಂದು ಯಾರಾದರೂ ತಡೆದು ನಿಲ್ಲಿಸುತ್ತಿದ್ದ ಮನುಷ್ಯ, ತನ್ನ ಮಾತು ನನಗೆ ತಿಳಿಯುತ್ತಿಲ್ಲವೆಂಬುದನ್ನು ಕಂಡು ಬೆದರಿದ್ದನ್ನು ನಾನು ಆ ದಿನ ನೋಡಿದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು ಅವರು ಸರಿಯಾಗಿದ್ದುದನ್ನು ನಾನು ಕೊನೆಯದಾಗಿ ನೋಡಿದ್ದು ಎಷ್ಟು ಗಂಟೆಗೆ ಎಂದು. ಹಿಂದಿನ ರಾತ್ರಿ ಹತ್ತಕ್ಕೆ ಎಂದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಿದ್ದೆಯಲ್ಲಿ ಹೊಡೆದ ಲಕ್ವಕ್ಕೆ ಗಳಿಗೆ ಗೊತ್ತಿಲ್ಲದ ಕಾರಣ ಅದನ್ನು ಕೊಡಲಾಗಲಿಲ್ಲ. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿದ್ದರಿಂದ ದೇಹದ ಬಲಭಾಗ ಸೋತಿತ್ತು, ಬಲಗೈ ಬಳಸುವ ಹೆಚ್ಚಿನವರಿಗೆ ಮಾತಿನ ನೆಲೆಯೂ ಎಡಭಾಗದಲ್ಲೇ ಇರುವುದರಿಂದ ಮಾತೂ ಹೋಗಿತ್ತು. ಕೊರೊನಾದ ಎರಡನೆಯ ಅಲೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಒಂಬತ್ತು ದಿನಗಳ ನಂತರ, ಸೋಂಕಿನ ಭಯಕ್ಕಿಂತ ಮನೆಯೇ ಲೇಸು ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ಮೇಲಿನ ಮೊದಲ ಮೂರು ವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನುಂಗುವುದು ಕಷ್ಟವಿದ್ದುದರಿಂದ ಎಲ್ಲವನ್ನೂ ಗಂಜಿಯಂತೆ ಮಂದವಾಗಿ ಮಾಡಿ, ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ಉಣಿಸಬೇಕಿತ್ತು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಿತ್ತು. ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಮನೆಗೆ ಬರುವಂತಿರಲಿಲ್ಲ, ಫೋನಿನ ಪರದೆಯಲ್ಲೇ ತೋರಿಸುತ್ತಿದ್ದರು. ಮಗಳು ಪುಣೆಯಿಂದ ಬರುವಂತಿರಲಿಲ್ಲ. ಉಳಿದ ಹೊತ್ತೆಲ್ಲ ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು ಅವರನ್ನೇ ನೋಡುತ್ತಿದ್ದೆ. ಬೆರಳು ಮಿಸುಕಿತೇ, ತುಟಿ ನೆಟ್ಟಗಾಯಿತೇ, ಉಸಿರು ಸರಿಯಾಗಿದೆಯೇ ಎಂದು ಕಣ್ಣು ಕೀಳದೆ ನೋಡುತ್ತಿದ್ದೆ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಅದು ರೋಗದ ಬೇಸರವೆಂದೇ ನಾನು ತಿಳಿದಿದ್ದೆ.

ಎದುರುಮನೆಯ ಅಮ್ಮನಿಗೆ ಆಗ 78 ವರ್ಷ. ಕಿಟಕಿಯಾಚೆ ನಿಂತು ರೊಟ್ಟಿಯ ಗಂಟು ಕೊಟ್ಟು ಹೋಗುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಜುಲೈ ಮೊದಲ ವಾರದಲ್ಲಿ ಒಂದು ಸಂಜೆ ಅವರು ಒಳಗೆ ಇಣುಕಿ ನೋಡಿ ನನ್ನನ್ನು ಹೊರಗೆ ಕರೆದು ಹೇಳಿದರು: “ಎಷ್ಟೊತ್ತು ಹಿಂಗ ಅವರ ಮುಖಾನ ನೋಡ್ಕೋತ ಕುಂದರ್ತಿ ಯವ್ವಾ? ಅವರಿಗೂ ಒಂಥರಾ ಆಕ್ಕೈತಿ. ಕೈಯಾಗ ಏನರ ಹಿಡಕೊಂಡು ಕುಂದ್ರು. ಒಂದು ಕೌದಿ ಹಾಕು.”

ಹಳೆಯ ಅರಿವೆಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಹೊದಿಕೆಯೇ ಕೌದಿ; ನಮ್ಮ ಕಡೆ ಅದನ್ನು ‘ಹಾಕುವುದು’ ಎನ್ನುತ್ತೇವೆ. ನನ್ನ ತವರಿನಲ್ಲಿ ಗೊಂದಲಿಗರ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ‘ಕೌದೀ...’ ಎಂದು ಕೂಗುತ್ತ ಬಂದು, ಪಡಸಾಲೆಯಲ್ಲಿ ಕುಳಿತು ಎರಡು ಮೂರು ದಿನ ಹೊಲಿದು, ಜೋಳವನ್ನೋ ದುಡ್ಡನ್ನೋ ಪಡೆದು ಹೋಗುತ್ತಿದ್ದರು. ಅವರ ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿಕೊಟ್ಟಿದ್ದೆನೇ ಹೊರತು ನಾನಾಗಿ ಒಂದು ಕೌದಿಯನ್ನೂ ಹೊಲಿದವಳಲ್ಲ. ಆದರೂ ಮರುದಿನ ಅಟ್ಟದ ಟ್ರಂಕನ್ನು ಇಳಿಸಿದೆ.

ನುಸಿಗುಳಿಗೆಯ ವಾಸನೆಯ ನಡುವೆ ಸಿಕ್ಕ ಅರಿವೆಗಳನ್ನು ಈಗಲೂ ಎಣಿಸಬಲ್ಲೆ. ನನ್ನ ಎರಡು ನೂಲಿನ ಸೀರೆ, ಅಂಚು ಗಟ್ಟಿಯಿದ್ದು ನಡುವೆ ಸವೆದದ್ದು. ಮಾವನವರ ಒಂದು ಬಿಳಿ ಧೋತರ. ಅತ್ತೆಯವರ ಇಳಕಲ್ ಸೀರೆ, ಅದರ ಮೈ ಮಡಿಕೆ ಮಡಿಕೆಗೂ ಬಿರಿದಿತ್ತು, ಆದರೆ ಕೆಂಪು ಸೆರಗಿನಲ್ಲಿ ಗೋಪುರದಂತೆ ನೇಯ್ದ ಟೋಪಿತೆನಿ ಸಾಲು ಇನ್ನೂ ಹೊಸದರಂತೆ ಬಿಳುಪಾಗಿ ನಿಂತಿತ್ತು. ಗುಳೇದಗುಡ್ಡದ ಖಣದ ನಾಲ್ಕು ಕುಬುಸ. ಮಗಳ ಶಾಲೆಯ ನೀಲಿ ಸಮವಸ್ತ್ರ. ನಮ್ಮವರ ಅಂಗಿಗಳು ಏಳು. ಅವುಗಳಲ್ಲಿ ಐದು ಟೆರಿಕಾಟ್. ಹತ್ತು ಸಲ ತೊಳೆದರೂ ಟೆರಿಕಾಟ್ ಮೆತ್ತಗಾಗುವುದಿಲ್ಲ, ಸೂಜಿ ತೂರಿಸಿದರೆ ಕೀಚೆಂದು ತಡೆಯುತ್ತದೆ. ಅವನ್ನು ಬದಿಗಿಟ್ಟೆ.

ಎಲ್ಲವನ್ನೂ ಒಗೆದು, ಮಳೆ ಬಿಟ್ಟ ಗಳಿಗೆ ನೋಡಿ ಒಣಗಿಸಿ, ಗುಂಡಿ ಬಿಚ್ಚಿ, ಹೊಲಿಗೆ ಬಿಡಿಸುವುದಕ್ಕೇ ಒಂದು ವಾರ ಹಿಡಿಯಿತು. ಕತ್ತರಿ ತೆಗೆದದ್ದನ್ನು ಕಂಡು ಅಮ್ಮ ಕಿಟಕಿಯಿಂದಲೇ ಗದರಿದರು: “ಅರಿವಿಗೆ ಕತ್ತರಿ ಹಚ್ಚಬ್ಯಾಡ, ಹರಿ. ಹರದ್ರ ಅದು ತನ್ನ ಎಳಿ ಹಿಡದು ಹೋಗತೈತಿ.” ಅಂಚಿನಲ್ಲಿ ಬೆರಳಗಲದ ಕಚ್ಚು ಮಾಡಿ ಎರಡೂ ಕೈಯಿಂದ ಎಳೆದರೆ ನೂಲಿನ ಬಟ್ಟೆ ನೇಯ್ಗೆಯ ನೇರಕ್ಕೇ ಸೀಳುತ್ತದೆ, ಕತ್ತರಿಸಿದ ತುಂಡಿನಂತೆ ಓರೆಕೋರೆಯಾಗುವುದಿಲ್ಲ. ಆ ಸದ್ದಿಗೆ ನಮ್ಮವರು ಗೋಡೆಯ ಕಡೆಯಿಂದ ತಿರುಗಿ ನೋಡಿದರು. ಪರ್ರನೆ ಹರಿಯುವ ಆ ಸದ್ದು ಮನೆಯಲ್ಲಿ ಎಷ್ಟೋ ದಿನಗಳ ನಂತರ ಕೇಳಿದ ಮೊದಲ ಜೋರಾದ ಸದ್ದು. ನಾನು ಅವರನ್ನು ನೋಡದೆ ಇನ್ನೊಂದು ತುಂಡು ಹರಿದೆ. ಅವರು ನೋಡುತ್ತಲೇ ಇದ್ದರು.

ಕೌದಿಯ ಕಟ್ಟಡ ಸರಳವಾದದ್ದು. ಆರು ಗಜದ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಆರು ಅಡಿ ಉದ್ದದ, ಸುಮಾರು ನಾಲ್ಕು ಅಡಿ ಅಗಲದ ಮೂರು ಪದರ ತಾನಾಗಿ ಸಿಗುತ್ತದೆ. ಒಬ್ಬರು ಹೊದೆಯುವುದಕ್ಕೆ ಅಷ್ಟು ಸಾಕು. ಅಡಿಯಲ್ಲಿ ಮಾವನವರ ಧೋತರ, ನಡುವೆ ನನ್ನ ಸೀರೆಯ ಮೂರು ಪದರ, ಮೇಲೆ ತುಂಡುಗಳ ಜೋಡಣೆ. ಎಲ್ಲವನ್ನೂ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಭಾರವಿಟ್ಟು, ಸುಕ್ಕಿಲ್ಲದಂತೆ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದು ನಿಲ್ಲಿಸಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ಮುಂದೆ ಎಲ್ಲೋ ಒಂದು ಕಡೆ ಬಟ್ಟೆ ಗುಪ್ಪೆಯಾಗಿ ನಿಲ್ಲುತ್ತದೆ, ಆಗ ಬಿಚ್ಚದೆ ಬೇರೆ ದಾರಿಯಿಲ್ಲ. ನಾನು ಎರಡು ಸಲ ಬಿಚ್ಚಿದೆ.

ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದೆಂದು ನಿರ್ಧರಿಸಿದೆ. ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಹಾಗೆ ಹೊಲಿಯುವುದನ್ನು ಹಿಂದೊಮ್ಮೆ ಪ್ರವಾಸ ಹೋದಾಗ ಕಂಡಿದ್ದೆ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕದ ಜನರ ಸಂತತಿಯವರಾದ ಅವರು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿದ್ದಾರೆ. ಅವರ ಕೌದಿಯ ನಾಲ್ಕೂ ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಇಟ್ಟ ಹೂ ಇರುತ್ತದೆ, ಅದಿಲ್ಲದ ಕೌದಿ ಅವರ ಕಣ್ಣಿಗೆ ಬೋಳು. ನಾನು ಕಂಡ ಹೆಂಗಸು ಎದುರಿಗೆ ಕುಳಿತವರೊಡನೆ ಹರಟುತ್ತಲೇ ಕೌದಿಯನ್ನು ತೊಡೆಯ ಮೇಲೆ ತಿರುಗಿಸಿಕೊಳ್ಳುತ್ತ ಹೊಲಿಯುತ್ತಿದ್ದಳು. ಗೆರೆ ಎಳೆದುಕೊಂಡಿರಲಿಲ್ಲ, ಹಿಂದಿನ ಸಾಲೇ ಮುಂದಿನ ಸಾಲಿಗೆ ಗುರುತು. ನನಗೆ ಬೇಕಾದದ್ದೂ ಅದೇ ಆಗಿತ್ತು. ಮುಂದಿನ ತಿಂಗಳು ಏನಾಗಬಹುದು ಎಂದು ಯೋಚಿಸುವ ಶಕ್ತಿ ಉಳಿದಿರಲಿಲ್ಲ, ಹಿಂದಿನ ಸಾಲಿನಿಂದ ಅರ್ಧ ಇಂಚು ದೂರ ಕಾಯ್ದುಕೊಂಡರೆ ಸಾಕು ಎನ್ನುವ ಕೆಲಸವನ್ನು ಮಾತ್ರ ಮಾಡಬಲ್ಲವಳಾಗಿದ್ದೆ.

ಹಾಗೆ ನಮ್ಮ ದಿನಕ್ಕೊಂದು ಆಕಾರ ಬಂತು. ಬೆಳಿಗ್ಗೆ ಐದೂವರೆಗೆ ಚಹಾ, ನಂತರ ಅವರ ಮೈ ಒರೆಸುವುದು, ಎಂಟಕ್ಕೆ ಗುಳಿಗೆ, ವ್ಯಾಯಾಮ, ಹನ್ನೊಂದಕ್ಕೆ ಒಲೆ ಕೆಲಸ ಮುಗಿದ ಮೇಲೆ ಮಂಚದ ಬುಡದಲ್ಲಿ ಚಾಪೆ ಹಾಸಿ ಒಂದು ಗಂಟೆ ಹೊಲಿಗೆ. ಮಧ್ಯಾಹ್ನ ಮಳೆ ಹಿಡಿದು ಬೆಳಕು ಕಡಿಮೆಯಾದರೆ ಅಂದಿಗೆ ಅಷ್ಟೇ. ಹೊಲಿಯುವವರು ತಲೆ ತಗ್ಗಿಸಿಯೇ ಇರಬೇಕಾಗುತ್ತದೆ. ಕಣ್ಣು ಸೂಜಿಯ ತುದಿಯಲ್ಲಿರುತ್ತದೆ, ಕಿವಿ ಮಾತ್ರ ಕೋಣೆಯಲ್ಲಿರುತ್ತದೆ. ನಾನು ಹೊಲಿಗೆಗೆ ಕುಳಿತ ಎರಡನೆಯ ವಾರ ಮಂಚದ ಮೇಲೆ ಏನೋ ಸರಿದಾಡಿದ ಸಪ್ಪಳ ಕೇಳಿತು. ತಲೆ ಎತ್ತಲಿಲ್ಲ. ಕಣ್ಣಂಚಿನಲ್ಲಿ ಕಂಡದ್ದು, ಅವರು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚುತ್ತಿದ್ದರು. ಫೋನಿನಲ್ಲಿ ತೋರಿಸಿಕೊಟ್ಟ ಆ ವ್ಯಾಯಾಮವನ್ನು ನನ್ನ ಎದುರಿಗೆ ಮಾಡಲು ಒಂದು ದಿನವೂ ಒಪ್ಪಿರಲಿಲ್ಲ. ತನ್ನ ಕೈ ತಾನು ಹೇಳಿದಂತೆ ಕೇಳದಿರುವುದನ್ನು ಹೆಂಡತಿ ನೋಡುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಕಾವಲು ಕಾಯುವಂತೆ ಕುಳಿತಿದ್ದ ಮೂರು ವಾರ ನೆನಪಾಗಿ ಹೊಟ್ಟೆ ಕಿವುಚಿತು. ಅಂದಿನಿಂದ ಹೊಲಿಯುವ ಹೊತ್ತು ಅವರ ಅಭ್ಯಾಸದ ಹೊತ್ತೂ ಆಯಿತು. ಒಬ್ಬರನ್ನೊಬ್ಬರು ನೋಡದೆ ಒಂದೇ ಕೋಣೆಯಲ್ಲಿ ಇಬ್ಬರೂ ನಮ್ಮ ನಮ್ಮ ಕೆಲಸ ಮಾಡುತ್ತಿದ್ದೆವು.

ಜುಲೈ ಕೊನೆಯಲ್ಲಿ ಒಂದು ದಿನ ಸೂಜಿ ಕೈಜಾರಿ ಬಿತ್ತು. ಚಾಪೆಯ ಮೇಲೆ ತಡಕಾಡುತ್ತ ‘ಸೂಜಿ ಎಲ್ಲಿ ಹೋತು, ಸೂಜಿ ಎಲ್ಲಿ ಹೋತು’ ಎಂದು ನನಗೆ ನಾನೇ ಅಂದುಕೊಳ್ಳುತ್ತಿದ್ದೆ. ಮಂಚದ ಮೇಲಿಂದ “ಸೂಜಿ” ಎಂಬ ಮಾತು ಕೇಳಿತು. ನೋಡಿದರೆ ಅವರು ಎಡಗೈ ಚಾಚಿ ಮಂಚದ ಕಾಲಿನ ಬಳಿ ಹೊಳೆಯುತ್ತಿದ್ದ ಸೂಜಿಯನ್ನು ತೋರಿಸುತ್ತಿದ್ದರು. ಏಳು ವಾರಗಳಲ್ಲಿ ಬಾಯಿಂದ ಸ್ಪಷ್ಟವಾಗಿ ಹೊರಟ ಮೊದಲ ಶಬ್ದ ಅದು.

ಆಮೇಲೆ ಮೂರು ವಾರ ಎಲ್ಲವೂ ಸೂಜಿಯೇ ಆಯಿತು. ನೀರು ಬೇಕಾದರೂ ಸೂಜಿ, ಫ್ಯಾನು ಆರಿಸಬೇಕಾದರೂ ಸೂಜಿ, ಮಗಳು ಫೋನಿನಲ್ಲಿ ಕಂಡಾಗ ಕಣ್ಣು ತುಂಬಿ ಅವಳನ್ನು ಕರೆದದ್ದೂ ಸೂಜಿ ಎಂದೇ. ಮಾತಿನ ತರಬೇತಿ ಕೊಡುವವರು ಫೋನಿನಲ್ಲಿ ವಿವರಿಸಿದರು: ಪೆಟ್ಟಾದ ಮೆದುಳು ಹೀಗೆ ಸಿಕ್ಕಿದ ಒಂದೇ ಶಬ್ದವನ್ನು ಹಿಡಿದುಕೊಳ್ಳುವುದುಂಟು, ತಪ್ಪೆಂದು ತಿದ್ದಬೇಡಿ, ಸರಿಯಾದ ಶಬ್ದವನ್ನು ನಿಧಾನವಾಗಿ ನೀವು ಹೇಳಿ. ನಾನು ಲೋಟ ಕೊಡುತ್ತ ‘ನೀರು’ ಎನ್ನುತ್ತಿದ್ದೆ. ಬಟ್ಟೆಯ ತುಂಡುಗಳನ್ನು ಹಾಸಿಗೆಯ ಮೇಲೆ ಹರಡಿ ‘ಕೆಂಪು’, ‘ನೀಲಿ’, ‘ಖಣ’, ‘ಅಂಚು’ ಎನ್ನುತ್ತಿದ್ದೆ. ಒಂದೇ ಶಬ್ದದಲ್ಲಿ ಎಷ್ಟು ಬಗೆಯ ದನಿಗಳಿರಬಹುದೆಂದು ಆ ದಿನಗಳಲ್ಲಿ ಕಲಿತೆ. ನೀರಿನ ಸೂಜಿ ಗಿಡ್ಡದು, ನೋವಿನ ಸೂಜಿ ಕೊನೆಯಲ್ಲಿ ಎಳೆದದ್ದು, ಸಂಜೆ ನಾನು ದೀಪ ಹಚ್ಚಿ ಬಂದಾಗ ಹೇಳುವ ಸೂಜಿ ಏನನ್ನೂ ಬೇಡದ್ದು.

ನಾಗರಪಂಚಮಿಯ ದಿನ ಸೂಜಿ ಹಿಡಿಯಬಾರದೆಂದು ಅಮ್ಮ ಹೇಳಿದ್ದರಿಂದ ಅಂದು ಕೌದಿಯನ್ನು ಮಡಿಸಿಟ್ಟು ಅಳ್ಳು, ಶೇಂಗಾ ಉಂಡಿ ಮಾಡಿದೆ. ಉಂಡಿಯನ್ನು ಹಾಲಿನಲ್ಲಿ ನೆನೆಸಿ ಹಿಸುಕಿ ಒಂದು ಚಮಚ ಕೊಟ್ಟಾಗ ಅವರು ತಡೆಯಿಲ್ಲದೆ ನುಂಗಿದರು.

ಗಣೇಶ ಚವತಿಗೆ ಎರಡು ವಾರ ಮೊದಲು ಅವರು ಬಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಆ ಹೊತ್ತಿಗೆ ಅವರು ಕೋಲು ಹಿಡಿದು, ನಾನು ಪಕ್ಕದಲ್ಲಿದ್ದರೆ, ನಾಲ್ಕು ಹೆಜ್ಜೆ ಹಾಕುತ್ತಿದ್ದರು; ಒಬ್ಬರೇ ಏಳಬಾರದೆಂದು ದಿನಕ್ಕೆ ಹತ್ತು ಸಲ ಹೇಳಿದ್ದೆ. ಸಪ್ಪಳ ಕೇಳಿ ಓಡಿ ಬಂದಾಗ ಕಿಟಕಿಯ ಕೆಳಗೆ ಬಿದ್ದಿದ್ದರು, ಹುಬ್ಬು ಒಡೆದು ರಕ್ತ ಸುರಿಯುತ್ತಿತ್ತು. ಹತ್ತಿರದ ದವಾಖಾನೆಯಲ್ಲಿ ಮೂರು ಹೊಲಿಗೆ ಹಾಕಿದರು. ಮೂಳೆ ಮುರಿದಿರಲಿಲ್ಲ. ರಾತ್ರಿ ಅವರು ಮಲಗಿದ ಮೇಲೆ ಕೋಣೆ ಒರೆಸಲು ಕುಳಿತಾಗ ನೋಡಿದೆ, ಕಿಟಕಿಯ ಒಂದು ಬಾಗಿಲು ಮುಚ್ಚಿತ್ತು, ಇನ್ನೊಂದು ತೆರೆದಿತ್ತು. ಕಿಟಕಿಯ ಕೆಳಗೆ ನಾನು ಬಿಟ್ಟುಹೋಗಿದ್ದ ಕೌದಿಯ ಒಂದು ಮಗ್ಗುಲು ಇರಚಲಿಗೆ ತೊಯ್ದಿತ್ತು. ಮಳೆ ಬಂತೆಂದು ನನ್ನನ್ನು ಕೂಗಲು ಅವರ ಬಳಿ ಶಬ್ದವಿರಲಿಲ್ಲ. ಎದ್ದು ಕಿಟಕಿ ಮುಚ್ಚಲು ಹೋಗಿದ್ದರು.

ತೊಯ್ದ ಕಡೆ ಖಣದ ಕೆಂಪು ಬಣ್ಣ ಬಿಟ್ಟು ಹಿಂಬದಿಯ ಧೋತರದ ಮೇಲೆ ಅಂಗೈಯಗಲದ ಗುಲಾಬಿ ಕಲೆ ಮೂಡಿತ್ತು. ಒಂದು ಖಣವನ್ನು ಮೊದಲೇ ಉಪ್ಪುನೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ಎಂದು ನೋಡಬೇಕಿತ್ತು, ನೋಡಿರಲಿಲ್ಲ. ಕೌದಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದೆ. ಹನ್ನೊಂದು ದಿನ ಮುಟ್ಟಲಿಲ್ಲ. ಮತ್ತೆ ಕುರ್ಚಿಗೆ ಮರಳಿದೆ, ಮತ್ತೆ ಅವರನ್ನೇ ನೋಡುತ್ತ ಕುಳಿತೆ, ಅವರು ಮತ್ತೆ ಗೋಡೆಯ ಕಡೆಗೆ ತಿರುಗಿದರು. ಅದನ್ನು ಕಂಡ ಮೇಲೆಯೇ, ಚವತಿಯ ಹಿಂದಿನ ದಿನ, ಕೌದಿಯನ್ನು ಇಳಿಸಿ ಕಿಟಕಿಯಿಂದ ದೂರ, ಮಂಚಕ್ಕೆ ಒತ್ತಿ ಹಾಸಿದೆ. ಕಲೆಯನ್ನು ತೆಗೆಯಲು ಯತ್ನಿಸಲಿಲ್ಲ.

ಈ ಸಲ ಒಂದು ಬದಲಾವಣೆ ಮಾಡಿದೆ. ಸೋತ ಕೈಯನ್ನು ಸುಮ್ಮನೆ ಮಲಗಿಸಬೇಡಿ, ಯಾವುದಾದರೂ ಕೆಲಸಕ್ಕೆ ಹಚ್ಚಿ ಎಂದು ಫಿಸಿಯೋಥೆರಪಿಸ್ಟ್ ಹೇಳುತ್ತಲೇ ಇದ್ದರು. ಹೊಲಿಯುವಾಗ ಬಟ್ಟೆ ಜಾರದಂತೆ ಭಾರವಿಡಬೇಕಾದಲ್ಲಿ ಅವರ ಬಲಗೈಯನ್ನೇ ಇರಿಸಿದೆ. ಅವರು ಮಂಚದ ಅಂಚಿನಲ್ಲಿ ಕುಳಿತು, ಎದುರಿಗೆ ಎಳೆದ ಮೇಜಿನ ಮೇಲೆ ಕೌದಿಯ ಮಗ್ಗುಲನ್ನು ಬಲ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದರು, ನಾನು ಅಂಗುಸ್ತಾನ ಹಾಕಿಕೊಂಡು ಆಚೆಯಿಂದ ಹೊಲಿಯುತ್ತಿದ್ದೆ. ಮೊದಮೊದಲು ಕೈ ಬರೀ ಭಾರವಾಗಿ ಬಿದ್ದಿರುತ್ತಿತ್ತು. ದಸರೆಯ ಹೊತ್ತಿಗೆ ನಾನು ದಾರ ಜಗ್ಗಿದಾಗ ಅಂಗೈ ಎದುರಾಗಿ ಒತ್ತುವುದು ನನ್ನ ಸೂಜಿಗೆ ತಿಳಿಯುತ್ತಿತ್ತು. ಹೊರಗಿನಿಂದ ನೋಡುವವರಿಗೆ ಅದು ಕಾಣುತ್ತಿರಲಿಲ್ಲ.

ದಸರೆಯ ರಜೆಯಲ್ಲಿ ಪಕ್ಕದ ಮನೆಯ ಹುಡುಗ ತನ್ನ ಹಳೆಯ ಪಾಟಿಯನ್ನು ತಂದುಕೊಟ್ಟ, ಸರ್ ಎಡಗೈಯಲ್ಲಿ ಬರೆಯಲಿ ಎಂದು. ಎರಡು ದಿನ ಅದರ ಮೇಲೆ ಸೊಟ್ಟ ಗೆರೆಗಳಷ್ಟೇ ಬಿದ್ದವು. ಮೂರನೆಯ ದಿನ ನಾನು ದಾರದ ರೀಲು ಮುಗಿಯುತ್ತ ಬಂದದ್ದನ್ನು ಕಂಡು, ಇನ್ನೆಷ್ಟು ಬೇಕಾಗುತ್ತದೋ ಏನೋ ಎಂದೆ. ಅವರು ಪಾಟಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಬಹಳ ಹೊತ್ತು ಹಿಡಿಯಿತು. 6 × 4 = 24 ಎಂದು ಬರೆದರು. ಅದರ ಕೆಳಗೆ 24 × 24 = 576. ಎರಡನೆಯ 24 ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ಅವರು ಕೌದಿಯ ಮೇಲೆ ಎರಡು ಹೊಲಿಗೆಯ ಸಾಲುಗಳ ನಡುವೆ ಬೆರಳಿಟ್ಟು ತೋರಿಸಿದರು. ಸಾಲಿನಿಂದ ಸಾಲಿಗೆ ಅರ್ಧ ಇಂಚು, ಅಡಿಗೆ ಇಪ್ಪತ್ನಾಲ್ಕು ಸಾಲು. ಸುತ್ತಿ ಹೊಲಿದರೂ ನೇರವಾಗಿ ಹೊಲಿದರೂ ಒಟ್ಟು ಉದ್ದ ಅಷ್ಟೇ, 576 ಅಡಿ, ಅಂದರೆ 192 ಗಜ. ನನ್ನ ಹೊಲಿಗೆಯ ಉದ್ದವನ್ನು ಅವರು ಅಳೆದುಕೊಟ್ಟಿದ್ದರು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಕಾರ್ತಿಕದಲ್ಲಿ ಸುತ್ತು ಕಿರಿದಾಗುತ್ತ ಬಂದು ಅತ್ತೆಯವರ ಇಳಕಲ್ ಸೆರಗು ಮಾತ್ರ ಉಳಿಯಿತು. ಅದನ್ನು ಸರಿಯಾಗಿ ನಡುವಿಗೆ ಇಟ್ಟಿದ್ದೆ. ರೇಷ್ಮೆಯ ಕೆಂಪಿನ ಮೇಲೆ ಗೋಪುರದಂತೆ ನಿಂತ ಬಿಳಿಯ ಸಾಲುಗಳು. ಅವುಗಳ ತುದಿಗೆ ಸೂಜಿ ತಾಗದಂತೆ ಸಂದಿನಲ್ಲಿ ಹೊಲಿಯಬೇಕಾಗಿತ್ತು, ಆ ಒಂದು ಮೊಳಕ್ಕೇ ನಾಲ್ಕು ದಿನ ಹಿಡಿಯಿತು. ಕೊನೆಯ ಗಂಟು ಹಾಕಿ ದಾರ ಕಡಿದಾಗ ಅವರು ಸೆರಗಿನ ಮೇಲೆ ಬಲಗೈ ಇಟ್ಟುಕೊಂಡು ಕುಳಿತಿದ್ದರು. ಎತ್ತಲು ನಾನು ಹೇಳಲಿಲ್ಲ.

ಆ ಚಳಿಗಾಲವೆಲ್ಲ ಅವರು ಹೊದ್ದದ್ದು ಅದನ್ನೇ. ಕೌದಿಯ ಭಾರ ಉಣ್ಣೆಯ ಕಂಬಳಿಯ ಭಾರದಂತಲ್ಲ, ಮೈಯ ಉಬ್ಬುತಗ್ಗಿಗೆ ಸರಿಯಾಗಿ ಕುಳಿತುಕೊಳ್ಳುತ್ತದೆ. ಮೊದಲ ಒಗೆತದ ನಂತರ ಹೊಲಿಗೆಯ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿ, ಗಾಳಿಗೆ ನಿಂತ ಕೆರೆಯ ನೀರಿನಂತಾಯಿತು. ಮಾತು ಇನ್ನೂ ಪೂರ್ತಿ ಬಂದಿಲ್ಲ. ನಾಮಪದಗಳು ಬರುತ್ತವೆ, ಕ್ರಿಯಾಪದಗಳು ತಪ್ಪಿಸಿಕೊಳ್ಳುತ್ತವೆ. ಹೆಸರುಗಳಿಗಂತೂ ಇಂದಿಗೂ ಕಾಯಬೇಕು. ಕೋಲಿನ ಆಸರೆಯಲ್ಲಿ ಓಣಿಯ ತುದಿಯವರೆಗೆ ಹೋಗಿ ಬರುತ್ತಾರೆ.

ಮರುವರ್ಷ ಮಗಳು ಬಸುರಿಯಾದ ಸುದ್ದಿ ಬಂದ ಸಂಜೆ ನಾನು ಟ್ರಂಕು ತೆರೆದು ಕುಳಿತೆ. ಕೂಸಿನ ಕೌದಿಗೆ ತೊಳೆದು ತೊಳೆದು ಮೆತ್ತಗಾದ ಅರಿವೆಯೇ ಆಗಬೇಕು; ಟೆರಿಕಾಟ್ ಬೇಡ, ಜರಿಯ ಅಂಚು ಚುಚ್ಚುತ್ತದೆ, ಖಣವೂ ಬೇಡ. ಉಳಿದಿದ್ದ ನನ್ನ ಇನ್ನೊಂದು ನೂಲಿನ ಸೀರೆಯನ್ನು ಹಾಸಿ, ನಾಲ್ಕು ಅಡಿಗೆ ಮೂರು ಅಡಿ ಸಾಕಲ್ಲವೇ ಎಂದು ಅವರನ್ನು ಕೇಳಿದೆ. ಅವರು ಪಾಟಿಗಾಗಿ ಕೈ ಚಾಚಿದರು, ಮತ್ತೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಕಣ್ಣು ಮುಚ್ಚಿ ಕುಳಿತರು. ನಾನು ಸೀರೆಯ ಅಂಚಿಗೆ ಬೆರಳಗಲದ ಕಚ್ಚು ಮಾಡಿ, ಎಳೆ ಹಿಡಿದು ಹರಿಯತೊಡಗಿದೆ.

“ಅರ್ಧ,” ಎಂದರು.